ಕ್ಯಾಮೆರಾಕ್ಕೆ ಕಾಣಲೆಂದು ಸರಿಸಿದ ಎರಡು ಡ್ರಮ್ಮು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಮ್ಮವ್ವ, “ಸರ್ಕಲ್ಲಿನ್ಯಾಗ ನಿಂತು ಗಾಡಿ ಎಣಸ್ತಾಳ” ಎಂದು ನಗುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಗಾಡಿಗಿಂತ ಹೆಚ್ಚಾಗಿ ನಾವು ಎಣಿಸುವುದು ಗಾಡಿಗಳ ನಡುವಿನ ಸಂದನ್ನು. ಒಳಗೆ ಸುತ್ತುತ್ತಿರುವ ಎರಡು ವಾಹನಗಳ ನಡುವೆ ಎಷ್ಟು ಸೆಕೆಂಡಿನ ಸಂದು ಸಿಕ್ಕರೆ ಹೊರಗೆ ಕಾಯುತ್ತಿರುವ ಬೈಕು ನುಗ್ಗುತ್ತದೆ, ಎಷ್ಟು ಸಿಕ್ಕರೆ ಬಸ್ಸು ನುಗ್ಗುತ್ತದೆ, ಇದನ್ನು ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ. ಕ್ಯಾಮೆರಾ ಬೇಕು, ರಸ್ತೆಯ ಮೇಲೆ ಒಂದು ಗೆರೆ ಬೇಕು, ಪ್ರತಿ ವಾಹನ ಆ ಗೆರೆ ದಾಟಿದ ಕ್ಷಣವನ್ನು ಬರೆದುಕೊಳ್ಳಬೇಕು.

ಆ ಚಳಿಗಾಲದಲ್ಲಿ ಮೂರು ಊರಿನ ಮೂರು ಸರ್ಕಲ್ಲುಗಳು ನನ್ನ ಪಾಲಿಗೆ ಬಂದವು. ಅಹಮದಾಬಾದಿನದೊಂದು, ವಡೋದರಾದ್ದೊಂದು, ಕೊನೆಗೆ ಸೂರತ್ತಿನದು. ಎಣಿಕೆಯ ಜೊತೆಗೆ ಸವಾರರನ್ನೂ ಚಾಲಕರನ್ನೂ ನಿಲ್ಲಿಸಿ ಹನ್ನೊಂದು ಪ್ರಶ್ನೆ ಕೇಳಿ ಫಾರಂ ತುಂಬುವುದೂ ಇತ್ತು. ಜೊತೆಗೆ ನನ್ನ ಸಹಾಯಕ. ಹನ್ನೆರಡು ವರ್ಷದಿಂದ ನನ್ನೊಂದಿಗೆ ಬಿಸಿಲಲ್ಲಿ ನಿಂತವನು. ನನ್ನನ್ನು ‘ಬೆನ್’ ಎನ್ನುತ್ತಾನೆ. ಗುಜರಾತಿನಲ್ಲಿ ಎಲ್ಲ ಹೆಂಗಸರನ್ನೂ ಹಾಗೆಯೇ ಕರೆಯುತ್ತಾರೆ, ಅಕ್ಕ ಎಂದ ಹಾಗೆ. ಇವನು ಮಾತ್ರ ನಿಜವಾಗಿಯೂ ಅಕ್ಕನೆಂದೇ ತಿಳಿದು ಕರೆಯುತ್ತಿದ್ದ. ಅದರಿಂದ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲೆರಡು ಊರು ಸಲೀಸಾಗಿ ಕಳೆದವು. ಅಹಮದಾಬಾದಿನ ವಸ್ತ್ರಾಪುರದ ಕಡೆಯ ಸರ್ಕಲ್ಲಿನಲ್ಲಿ ಪೆಟ್ರೋಲ್ ಪಂಪಿನ ನೆರಳಲ್ಲಿ ನಿಂತು, “ಒಳಗೆ ಹೋಗುವಾಗ ಯಾರಿಗೆ ದಾರಿ ಬಿಡ್ತೀರಿ?” ಎಂದು ಒಬ್ಬ ಬೈಕಿನವನನ್ನು ಕೇಳಿದೆ. ಬಲಗಡೆಯಿಂದ ಬರುವವರಿಗೆ ಎನ್ನುವುದು ಪುಸ್ತಕದ ಉತ್ತರ.

“ಯಾರನ್ನ ನೋಡ್ತೀನೋ ಅವರಿಗೆ” ಎಂದ. “ಅದಕ್ಕೇ ನಾನು ಯಾರನ್ನೂ ನೋಡಲ್ಲ. ಕಣ್ಣಿಗೆ ಕಣ್ಣು ಸೇರಿಸಿದವನು ಸೋತ, ಬೆನ್.”

ವಡೋದರಾದಲ್ಲಿ ಮುಖಕ್ಕೆಲ್ಲ ದುಪ್ಪಟ್ಟಾ ಸುತ್ತಿಕೊಂಡ ಸ್ಕೂಟರಿನ ಟೀಚರೊಬ್ಬರು ತಾವು ಯಾವಾಗಲೂ ಬಸ್ಸಿನ ಬೆನ್ನು ಹಿಡಿದೇ ಹೋಗುವುದಾಗಿ ಹೇಳಿದರು. ಆನೆ ಮುಂದೆ ನಡೆದರೆ ಹಿಂದಿನವರಿಗೆ ದಾರಿ ತಾನಾಗಿಯೇ ಆಗುತ್ತದಂತೆ. ಅಲ್ಲಿಯೇ ಒಬ್ಬ ಮುದುಕರು ಸರ್ಕಲ್ ಸುತ್ತುವ ಗೋಜಿಗೆ ಹೋಗದೆ ಎದುರು ದಿಕ್ಕಿನಲ್ಲಿ ಆರಾಮವಾಗಿ ಬರುತ್ತಿದ್ದರು. ನಿಲ್ಲಿಸಿ, “ಕಾಕಾ, ದೇವರಿಗೆ ಪ್ರದಕ್ಷಿಣೆ ಹಾಕೋ ಹಾಗೆ ಹೋಗಬೇಕು” ಎಂದೆ.

“ನಾವು ಗರ್ಬಾ ಆಡೋ ಜನ, ಬೆನ್. ಗರ್ಬಾ ಸುತ್ತೋದು ಈ ಕಡೆಯಿಂದ್ಲೇ” ಎಂದು ಹೊರಟೇಹೋದರು. ಸಹಾಯಕ ಫಾರಮ್ಮಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದ.

ಸೂರತ್ತಿನ ಕೆಲಸದಲ್ಲಿ ಒಂದು ವ್ಯತ್ಯಾಸವಿತ್ತು. ಅಲ್ಲಿ ಹಳೆಯ ದೊಡ್ಡ ಸರ್ಕಲ್ಲಿನ ಕಟ್ಟೆ ಒಡೆದು, ಅದೇ ಜಾಗದಲ್ಲಿ ಸಣ್ಣದೊಂದನ್ನು ಒಂದು ವಾರ ಪ್ರಯೋಗಕ್ಕಿಟ್ಟು ನೋಡುವುದೆಂದು ತೀರ್ಮಾನವಾಗಿತ್ತು. ಮರಳು ತುಂಬಿದ ಹನ್ನೆರಡು ಡ್ರಮ್ಮುಗಳನ್ನು ವೃತ್ತಾಕಾರವಾಗಿ ನಿಲ್ಲಿಸಿ, ಸುತ್ತ ಸುಣ್ಣದ ಗೆರೆ ಎಳೆದೆವು. ಡ್ರಮ್ಮುಗಳು ಎಲ್ಲೆಲ್ಲಿ ನಿಲ್ಲಬೇಕೆಂಬ ನಕ್ಷೆ ನನ್ನದು. ಪೊಲೀಸರು ನೋಡಿ ಒಪ್ಪಿ ಸಹಿ ಹಾಕಿದ್ದರು.

ಕ್ಯಾಮೆರಾವನ್ನು ಒಂದು ಜವಳಿ ಅಂಗಡಿಯ ಮೂರನೇ ಮಹಡಿಯ ತಾರಸಿಯಲ್ಲಿ ಕಟ್ಟಿದೆವು. ಮೊದಲ ದಿನ ಸಂಜೆ ಚಿತ್ರ ಹಾಕಿ ನೋಡಿದರೆ ಮಾರುಕಟ್ಟೆ ಕಡೆಯ ಎರಡು ಡ್ರಮ್ಮು ಕಾಣುತ್ತಲೇ ಇರಲಿಲ್ಲ. ಎದುರಿಗೆ ಸೀರೆಯ ದೊಡ್ಡ ಜಾಹೀರಾತು ಫಲಕ. ಅದರಲ್ಲಿನ ಹೆಣ್ಣಿನ ಮೊಣಕೈ ಸರಿಯಾಗಿ ಅವುಗಳ ಮೇಲೆ ಬಂದಿತ್ತು. ನಾವು ಕ್ಷಣ ಗುರುತಿಸಬೇಕಾದ ಗೆರೆ ಹೊರಡುವುದು ಆ ಡ್ರಮ್ಮುಗಳ ಬುಡದಿಂದಲೇ. ಗೆರೆ ಕಾಣದಿದ್ದರೆ ಇಡೀ ವಾರದ ಎಣಿಕೆ ದಂಡ. ಕ್ಯಾಮೆರಾವನ್ನು ಪಕ್ಕದ ಕಟ್ಟಡಕ್ಕೆ ಸಾಗಿಸೋಣವೆಂದರೆ ಅದರ ಬೀಗದ ಕೈ ಯಜಮಾನರ ಹತ್ತಿರವಿತ್ತು, ಯಜಮಾನರು ಮದುವೆಗೆಂದು ರಾಜಕೋಟಿಗೆ ಹೋಗಿದ್ದರು.

“ಡ್ರಮ್ಮನ್ನೇ ಸ್ವಲ್ಪ ಈಚೆ ತಂದರೆ?” ಎಂದೆ.

ಹೌದು, ಹಾಗೆಂದವಳು ನಾನೇ. ಸಹಾಯಕ ಒಂದು ಗಳಿಗೆ ನನ್ನ ಮುಖ ನೋಡಿ, “ತರಬಹುದು” ಎಂದ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಇಬ್ಬರು ಕೂಲಿಗಳನ್ನು ಕರೆದುಕೊಂಡು ಎರಡೂ ಡ್ರಮ್ಮುಗಳನ್ನು ರಸ್ತೆಯ ಕಡೆಗೆ ಸರಿಸಿದೆವು. ಟೇಪು ಹಿಡಿದವಳು ನಾನು. ಎಂಬತ್ತು ಸೆಂಟಿಮೀಟರು. ಹಳೆಯ ಗೆರೆಯನ್ನು ಪೊರಕೆಯಿಂದ ಅಳಿಸಿ ಹೊಸ ಸುಣ್ಣ ಹಾಕಿದೆವು. ಮೇಲೆ ಹೋಗಿ ನೋಡಿದರೆ ಮೊಣಕೈಯ ಪಕ್ಕದಲ್ಲಿ ಎರಡೂ ಡ್ರಮ್ಮು ಸ್ಪಷ್ಟವಾಗಿ ಕಾಣುತ್ತಿದ್ದವು. ನಕ್ಷೆ ತಿದ್ದಲಿಲ್ಲ, ಪೊಲೀಸರಿಗೂ ಹೇಳಲಿಲ್ಲ. ಎಣಿಕೆಗೆಂದು ತಾನೇ, ವಾರ ಮುಗಿದ ಮೇಲೆ ಹಿಂದಕ್ಕಿಟ್ಟರಾಯಿತು ಎಂದುಕೊಂಡೆ. ರಸ್ತೆಯನ್ನು ಅಳೆಯಲು ಹೋದವರು ಅಳತೆಗೆ ಅನುಕೂಲವಾಗಲೆಂದು ರಸ್ತೆಯನ್ನೇ ಬದಲಿಸಿದ್ದೆವು. ಆ ಹೊತ್ತಿಗೆ ಅದು ನನಗೆ ಜಾಣತನವಾಗಿಯೇ ಕಂಡಿತ್ತು.

ಅಂದು ಮಧ್ಯಾಹ್ನ ಬಸ್ ನಿಲ್ದಾಣದ ಚಹದಂಗಡಿಯಲ್ಲಿ ಚಾಲಕರ ಫಾರಂ ತುಂಬುತ್ತಿದ್ದೆ. ಸಿಟಿ ಬಸ್ಸಿನ ಒಬ್ಬ ಚಾಲಕರು, ಐವತ್ತು ದಾಟಿದವರು, ನಾನು ಕರೆಯುವ ಮೊದಲೇ ಬಂದು ಎದುರಿಗೆ ಕುಳಿತರು.

“ಆ ಡ್ರಮ್ಮು ಇಟ್ಟವರು ನೀವೇನಾ?”

“ಹೌದು.”

“ನಿನ್ನೆ ಸರಿ ಇತ್ತು. ಇವತ್ತು ನನ್ನ ಬಲಗಡೆ ಹಿಂದಿನ ಚಕ್ರ ಡ್ರಮ್ಮನ್ನ ನೆಕ್ಕಿಕೊಂಡು ಹೋಗ್ತಾ ಇದೆ.” ಚಹದ ಬಸಿಯನ್ನು ಡ್ರಮ್ಮಾಗಿ ಇಟ್ಟು, ಬೀಡಿ ಕಟ್ಟನ್ನು ಬಸ್ಸಿನಂತೆ ಅದರ ಸುತ್ತ ನಡೆಸಿ ತೋರಿಸಿದರು. “ಡ್ರಮ್ಮು ಉಳಿಸಬೇಕು ಅಂದ್ರೆ ಮೂತಿ ಎಡಕ್ಕೆ ತಗೊಳ್ಳಬೇಕು. ಎಡಕ್ಕೆ ನಾನು ಕುರುಡ, ಬೆನ್. ಅಲ್ಲಿ ಬೈಕು ಇದೆಯೋ ಬೆಕ್ಕು ಇದೆಯೋ ನನಗೆ ಕಾಣಲ್ಲ. ಇದನ್ನ ಬರೀರಿ.”

ಹನ್ನೊಂದು ಪ್ರಶ್ನೆಗಳಲ್ಲಿ ಇದಕ್ಕೆ ಜಾಗವಿರಲಿಲ್ಲ. ಕೊನೆಯಲ್ಲಿ ‘ಇತರೆ’ ಎಂಬ ಒಂದು ಚೌಕವಿತ್ತು. ಅದರಲ್ಲಿ ಬರೆದೆ. ಬರೆದದ್ದನ್ನು ಅವರಿಗೆ ತೋರಿಸಿದೆ ಕೂಡ. ಅವರು ತಲೆಯಾಡಿಸಿ ಎದ್ದು ಹೋದರು. ಬರೆದಾಯಿತಲ್ಲ, ಇನ್ನು ಯಾರೋ ನೋಡಿಕೊಳ್ಳುತ್ತಾರೆ ಎಂದು ಅವರಿಗೂ ಅನಿಸಿರಬೇಕು, ನನಗೂ ಅನಿಸಿತು.

ಮೂರನೆಯ ದಿನ ಹನ್ನೊಂದೂ ಇಪ್ಪತ್ತಕ್ಕೆ ನಾನು ತಾರಸಿಯಲ್ಲಿದ್ದೆ. ಅದೇ ಬಸ್ಸು, ಅದೇ ಚಾಲಕರು. ಬಸ್ಸಿನ ಎಡಪಕ್ಕದಲ್ಲಿ ಒಂದು ಬೈಕು. ಹಿಂದಿನ ಸೀಟಿನ ಮೇಲೆ ಎದೆಯೆತ್ತರಕ್ಕೆ ಸೀರೆಯ ಗಂಟು. ಮಾರುಕಟ್ಟೆಯಿಂದ ಸೀರೆ ಒಯ್ದು ಮನೆಮನೆಯ ಹೆಂಗಸರಿಗೆ ಹರಳು ಅಂಟಿಸಲು ಕೊಟ್ಟು ಬರುವ ಜನ ಆ ರಸ್ತೆಯಲ್ಲಿ ದಿನವಿಡೀ ಓಡಾಡುತ್ತಾರೆ. ಬಸ್ಸಿನ ಮೂತಿ ಎಡಕ್ಕೆ ವಾಲಿತು. ಬೈಕು ಪಾದಚಾರಿ ಕಟ್ಟೆಗೆ ಒತ್ತಿಕೊಂಡಿತು, ನಿಂತಿತು, ಬಸ್ಸಿನ ಕಡೆಗೆ ಬಿತ್ತು. ಬಸ್ಸಿನ ಹಿಂದಿನ ಚಕ್ರ ಬಂತು. ಮೇಲಿನಿಂದ ನೋಡಿದರೆ ಎಲ್ಲವೂ ತೀರ ಸಣ್ಣದಾಗಿ, ಸದ್ದಿಲ್ಲದೆ ನಡೆಯಿತು.

ಆಮೇಲೆ ನನ್ನ ಎಣಿಕೆಯ ಹಾಳೆ ನೋಡಿದೆ. ಬಸ್ಸು ನಿಂತ ಮೇಲೂ ಏಳು ಗೀಟು ಎಳೆದಿದ್ದೆ.

ಕೆಳಗಿಳಿಯುವಷ್ಟರಲ್ಲಿ ಬೈಕಿನವರನ್ನು ಆಟೋದಲ್ಲಿ ಹಾಕಿಕೊಂಡು ಹೋಗಿದ್ದರು. ಜನ ಚಾಲಕರ ಅಂಗಿ ಹಿಡಿದಿದ್ದರು, ಟ್ರಾಫಿಕ್ ಪೊಲೀಸ್ ಬಿಡಿಸುತ್ತಿದ್ದ. ಸೂರತ್ತಿನವರ ಬಾಯಲ್ಲಿ ಪ್ರೀತಿಗೂ ಬೈಗುಳವೇ ಬರುತ್ತದೆ ಎನ್ನುತ್ತಾರೆ. ಅಂದು ಕೇಳಿದ್ದು ಪ್ರೀತಿಯದಲ್ಲ. ತರಕಾರಿ ಮಾರುವ ಇಬ್ಬರು ಹೆಂಗಸರು ರಸ್ತೆಯ ಮೇಲಿನ ಸೀರೆಗಳನ್ನು ಹೆಕ್ಕಿ, ಧೂಳು ಕೊಡವಿ, ಮಡಿಸಿ ಜೋಡಿಸುತ್ತಿದ್ದರು. ನಾನು ಸ್ವಲ್ಪ ಹೊತ್ತು ಅಲ್ಲಿ ನಿಂತಿದ್ದು ಮತ್ತೆ ಮೇಲೆ ಹೋದೆ. ಕ್ಯಾಮೆರಾದ ಬ್ಯಾಟರಿ ಬದಲಿಸುವ ಹೊತ್ತಾಗಿತ್ತು. ಬದಲಿಸಿದೆ.

ಒಂದು ಗಂಟೆಗೆ ಇಳಿದು ಬಂದಾಗ ಎರಡೂ ಡ್ರಮ್ಮು ಮೊದಲ ದಿನದ ಜಾಗದಲ್ಲಿದ್ದವು. ಸುಣ್ಣದ ಗೆರೆ ಹಸಿಯಾಗಿತ್ತು. ಸಹಾಯಕನ ಕೈ ಮೊಣಕೈವರೆಗೂ ಬೆಳ್ಳಗಾಗಿತ್ತು.

“ಸರಿ ಮಾಡಿದೆ, ಬೆನ್. ನಕ್ಷೆಯಲ್ಲಿ ಇದ್ದ ಹಾಗೆ.”

ನಾನು ಹಸಿ ಗೆರೆ ದಾಟಿ ಈಚೆ ಬಂದೆ. ಸಿಟ್ಟೂ ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಮೇಲೆ ತುಟಿ ಇದ್ದೂ ಇಲ್ಲದಂತೆ ಇರುತ್ತದಲ್ಲ, ಮೈಯೆಲ್ಲ ಹಾಗಿತ್ತು.

ಎರಡು ಗಂಟೆಗೆ ಇನ್ಸ್‌ಪೆಕ್ಟರ್ ಬಂದು ಪಂಚನಾಮೆ ಶುರು ಮಾಡಿದರು. ಟೇಪು ಹಿಡಿದು ಡ್ರಮ್ಮಿನಿಂದ ಪಾದಚಾರಿ ಕಟ್ಟೆಯವರೆಗೆ ಅಳೆದರು, ನಕ್ಷೆಗೆ ತಾಳೆ ನೋಡಿದರು. ಎಲ್ಲ ಸರಿಯಾಗಿತ್ತು. ಬಸ್ಸಿಗೆ ಬೇಕಾದಷ್ಟು ಜಾಗವಿತ್ತು ಎಂದು ಬರೆಸಿದರು.

“ಸಾಹೇಬ್, ಬೆಳಿಗ್ಗೆ ಈ ಡ್ರಮ್ಮು ಇಲ್ಲಿರಲಿಲ್ಲ” ಎಂದರು ಚಾಲಕರು. ಒಂದು ಕಣ್ಣು ಊದಿಕೊಂಡಿತ್ತು.

“ಮತ್ತೇನು, ಡ್ರಮ್ಮಿಗೆ ಕಾಲು ಮೂಡಿ ನಡೀತಾ?”

ಸುತ್ತ ನಿಂತವರು ನಕ್ಕರು. ಚಾಲಕರು ನನ್ನ ಕಡೆ ನೋಡಿದರು. ನಾನು ಕೈಯಲ್ಲಿದ್ದ ಹಾಳೆಗಳನ್ನು ನೋಡುತ್ತಿದ್ದೆ.

ಅಜಾಗರೂಕತೆಯಿಂದ ವೇಗವಾಗಿ ಓಡಿಸಿದ್ದೆಂದು ಅವರ ಮೇಲೆ ಕೇಸಾಯಿತು. ಬಸ್ಸಿನ ಗುತ್ತಿಗೆದಾರ ಅಂದೇ ಅವರನ್ನು ಕೆಲಸದಿಂದ ತೆಗೆದ. ಪೊಲೀಸರ ಕಾಗದದಲ್ಲಿ ‘ವೇಗ’ ಎಂಬ ಮಾತು ಇರುವ ತನಕ ಆ ಮನುಷ್ಯ ಇನ್ನು ಯಾವ ಬಸ್ಸಿನ ಸ್ಟಿಯರಿಂಗನ್ನೂ ಮುಟ್ಟುವಂತಿರಲಿಲ್ಲ. ಬೈಕಿನವರ ಬಲಪಾದವನ್ನು ಹರಡಿನ ಮೇಲೆ ಕತ್ತರಿಸಿ ತೆಗೆಯಬೇಕಾಯಿತೆಂದು ಮರುದಿನ ತಿಳಿಯಿತು. ಪ್ರಯೋಗ ನಿಂತಿತು. ವಸತಿಗೃಹದ ಕೋಣೆಯಲ್ಲಿ ಕುಳಿತು ನಾನು ಫಾರಮ್ಮುಗಳನ್ನು ಕಂಪ್ಯೂಟರಿಗೆ ಏರಿಸತೊಡಗಿದೆ. ಮಾಡಲು ಬೇರೆ ಕೆಲಸ ಹೊಳೆಯಲಿಲ್ಲ.

ಈ ಕೆಲಸದಲ್ಲಿ ಪ್ರತಿಯೊಂದು ಉತ್ತರಕ್ಕೂ ಒಂದು ಅಂಕಿ ಕೊಡಬೇಕು. ಬಲಗಡೆಯವರಿಗೆ ದಾರಿ ಬಿಡುತ್ತೇನೆ ಎಂದರೆ ಒಂದು, ದೊಡ್ಡ ಗಾಡಿಗೆ ಬಿಡುತ್ತೇನೆ ಎಂದರೆ ಎರಡು, ಹೀಗೆ. ಯಾವ ಅಂಕಿಗೂ ಹೊಂದದ ಮಾತಿಗೆ ತೊಂಬತ್ತೊಂಬತ್ತು. ಅಪಘಾತವಾದ ಮೂರನೆಯ ದಿನ ಬೆಳಿಗ್ಗೆ ಆ ಚಾಲಕರ ಫಾರಂ ಕೈಗೆ ಬಂತು. ‘ಇತರೆ’ ಚೌಕದಲ್ಲಿ ನನ್ನದೇ ಅಕ್ಷರ: “ಮಾರುಕಟ್ಟೆ ಕಡೆಯ ಡ್ರಮ್ಮು ಅಡ್ಡ. ಎಡಕ್ಕೆ ತಿರುಗಿಸಬೇಕಾಗುತ್ತದೆ. ಎಡ ಕಾಣುವುದಿಲ್ಲ.” ನಾನು ತೊಂಬತ್ತೊಂಬತ್ತು ಒತ್ತಿದೆ. ಪರದೆ ಮುಂದಿನ ಫಾರಮ್ಮಿಗೆ ಹೋಯಿತು. ನಾನು ಹೋಗಲಿಲ್ಲ. ಎಷ್ಟು ಹೊತ್ತು ಕುಳಿತಿದ್ದೆನೋ, ಪರದೆ ತಾನೇ ಕಪ್ಪಾಯಿತು.

ಫೋನು ಬಡಿಯಿತು. ಅಹಮದಾಬಾದಿನ ಮನೆಯಿಂದ ಅವ್ವ.

“ಊಟಾ ಆತೇನವಾ? ದನಿ ಯಾಕ ಹಿಂಗದ?”

ಎಲ್ಲ ಹೇಳಿದೆ. ಮೊಣಕೈಯಿಂದ ಹಿಡಿದು ತೊಂಬತ್ತೊಂಬತ್ತರವರೆಗೆ.

“ಆ ಡ್ರೈವರ್ ಈಗ ಎಲ್ಲಿದ್ದಾನ?”

“ಮನ್ಯಾಗ. ಕೆಲಸದಿಂದ ತಗದಾರ.”

“ಮತ್ತ ನೀ?”

“ನಾ ಇಲ್ಲೇ. ಫಾರಂ ತುಂಬಲಿಕತ್ತೇನಿ.”

ಅವ್ವ ಗಾದೆ ತೆಗೆದಳು. “ಮಂಗ್ಯಾ ತಾ ತಿಂದು ಮ್ಯಾಕಿ ಬಾಯಿಗೆ ಒರಸ್ತಂತ. ನಿಮ್ಮಜ್ಜಿ ಅಂತಿದ್ದಳು, ನೆನಪದ ಏನು? ಒರಸಿದಾಂವ ಬ್ಯಾರೆ ಇರಬಹುದವಾ. ತಿಂದಾಕಿ ನೀನ. ನೋಡ್ಕೋತ ಕೂತಾಕೀನೂ ನೀನ.” ಆಮೇಲೆ, “ಮೊದಲ ಏನರ ತಿನ್ನು. ಹಸದ ಹೊಟ್ಟಿಲೆ ಪೊಲೀಸ್ ಸ್ಟೇಷನ್ನಿಗೆ ಹೋಗಬ್ಯಾಡ” ಎಂದು ಫೋನಿಟ್ಟಳು. ಸ್ಟೇಷನ್ನಿಗೆ ಹೋಗುತ್ತೇನೆಂದು ನಾನು ಎಲ್ಲೂ ಹೇಳಿರಲಿಲ್ಲ.

ಸಹಾಯಕನನ್ನು ಕೋಣೆಗೆ ಕರೆದೆ.

“ನಿಮಗೋಸ್ಕರ ಮಾಡಿದ್ದು, ಬೆನ್.”

“ಗೊತ್ತು.”

“ಹಾಗಾದ್ರೆ ಡ್ರಮ್ಮು ಸರಿಸಿದ್ದೆಲ್ಲ ನಾನೇ ಅಂತ ಬರೀರಿ. ನನಗೇನು, ಸಣ್ಣ ನೌಕರಿ.”

“ಹೊರಗೆ ತಂದದ್ದು ನನ್ನ ಮಾತಿನ ಮೇಲೆ. ಒಳಗೆ ತಳ್ಳಿದ್ದು ನೀನು. ಎರಡನ್ನೂ ಹಾಗಾಗೇ ಹೇಳ್ತೀನಿ.”

ಆತ ಜೇಬಿನಿಂದ ಕಡಲೆಹಿಟ್ಟಿನ ಗಾಠಿಯಾ ಪೊಟ್ಟಣ ತೆಗೆದು ನನ್ನ ಮುಂದಿಟ್ಟು, “ನಿನ್ನೆಯಿಂದ ನೀವು ಏನೂ ತಿಂದಿಲ್ಲ” ಎಂದ. ಇಬ್ಬರೂ ತಿಂದೆವು. ಉಪ್ಪಿದೆಯೋ ಖಾರವಿದೆಯೋ ನಾಲಿಗೆಗೆ ತಿಳಿಯಲಿಲ್ಲ.

ನಮ್ಮ ಸಾಹೇಬರಿಗೆ ಫೋನು ಮಾಡಿದೆ. ಆಫೀಸಿನ ಸಮಿತಿ ಕೂರಲಿ, ವರದಿ ಆಗಲಿ, ಆಮೇಲೆ ಕಾಗದ ಕಳಿಸೋಣ, ಎರಡು ತಿಂಗಳು ಹಿಡಿಯಬಹುದು ಎಂದರು. ಅಲ್ಲಿಯವರೆಗೆ ಆ ಚಾಲಕ ಏನು ಮಾಡಬೇಕು ಎಂದು ಕೇಳಿದೆ.

“ಮೇಡಂ, ನೀವು ಇಂಜಿನಿಯರು. ವಕೀಲರಲ್ಲ.”

ಹೌದು ಸರ್ ಎಂದು ಫೋನಿಟ್ಟು, ವಿಡಿಯೋ ಇದ್ದ ಡಿಸ್ಕು, ಆ ಫಾರಂ, ಸಹಿಯಾದ ನಕ್ಷೆ, ಮೂರನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಸಹಾಯಕ ಕರೆಯದೆಯೇ ಬಂದು ಆಟೋದಲ್ಲಿ ಪಕ್ಕಕ್ಕೆ ಕುಳಿತ.

ಇನ್ಸ್‌ಪೆಕ್ಟರ್ ಮೊದಲ ದಿನದ ಚಿತ್ರವನ್ನೂ ಮೂರನೆಯ ದಿನದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಒಂದರಲ್ಲಿ ಮೊಣಕೈ ಮಾತ್ರ, ಇನ್ನೊಂದರಲ್ಲಿ ಮೊಣಕೈ ಪಕ್ಕ ಎರಡು ಡ್ರಮ್ಮು. ಸಹಾಯಕನನ್ನು ಕಣ್ಣೆತ್ತಿ ನೋಡಿ, “ಡ್ರಮ್ಮಿನ ಕಾಲು ನೀನೇನಾ?” ಎಂದರು. ಆತ ಹೌದೆಂದ.

“ಜಾಗ ಕಡಿಮೆ ಇತ್ತು ಅನ್ನೋದು ಕಾಣಿಸ್ತಾ ಇದೆ” ಎಂದರು ನನಗೆ. “ಆದರೆ ಕೇಸು ನಿಂತಿರೋದು ವೇಗದ ಮೇಲೆ. ಗಾಯವಾದವನು ಬಸ್ಸು ಜೋರಾಗಿ ಬಂತು ಅಂದಿದ್ದಾನೆ.”

“ವೇಗವನ್ನ ನಾನು ಈ ವಿಡಿಯೋದಿಂದಲೇ ಲೆಕ್ಕ ಹಾಕಿ ಕೊಡಬಲ್ಲೆ.”

“ನಿಮ್ಮ ಲೆಕ್ಕಾನ ಇನ್ನು ಯಾರು ನಂಬ್ತಾರೆ, ಬೆನ್?”

ಅವರು ಒರಟಾಗಿ ಹೇಳಲಿಲ್ಲ. ಬೇಕಾಗಿದ್ದ ಒಂದು ಸಂಗತಿಯನ್ನು ಕೇಳಿದಂತೆ ಕೇಳಿದರು.

“ಗಾಯವಾದವರ ಹತ್ತಿರ ಹೋಗಿ ನಾನು ಮಾಡಿದ್ದನ್ನ ಹೇಳಬೇಕು” ಎಂದೆ. “ನಾನೊಬ್ಬಳೇ ಹೋದರೆ ಸಾಕ್ಷಿಯನ್ನ ತಿರುಗಿಸೋಕೆ ಬಂದಳು ಅಂತಾಗುತ್ತೆ. ನಿಮ್ಮವರು ಯಾರಾದರೂ ಜೊತೆಗೆ ಬರಲಿ.”

ಅವರು ಒಬ್ಬ ಜಮಾದಾರನನ್ನು ಕಳಿಸಿಕೊಟ್ಟರು.

ಆಸ್ಪತ್ರೆಯ ವಾರ್ಡಿನಲ್ಲಿ ಬೈಕಿನವರು ದಿಂಬಿಗೆ ಒರಗಿ ಕುಳಿತಿದ್ದರು. ನಲವತ್ತರ ಆಸುಪಾಸಿನ ಮನುಷ್ಯ. ಹೊದಿಕೆಯ ಕೆಳಗೆ ಬಲಗಡೆ ಚಪ್ಪಟೆ. ನಾನು ಯಾರೆಂದು ಹೇಳಿದೆ. ಕ್ಯಾಮೆರಾ, ಫಲಕ, ಡ್ರಮ್ಮು, ಚಾಲಕರು ಮುಂಚೆಯೇ ಹೇಳಿದ ಮಾತು, ಆಮೇಲೆ ಡ್ರಮ್ಮು ಹಿಂದಕ್ಕೆ ಹೋದದ್ದು, ಎಲ್ಲವನ್ನೂ ನಡೆದ ಕ್ರಮದಲ್ಲಿ ಹೇಳಿದೆ. ಕ್ಷಮಿಸಿ ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಬಂದರೂ ಅಲ್ಲಿ ಅದಕ್ಕೆ ಕೂರಲು ಜಾಗವಿರಲಿಲ್ಲ.

“ಎಷ್ಟು ಸರಿಸಿದ್ರಿ?” ಎಂದರು.

“ಎಂಬತ್ತು ಸೆಂಟಿಮೀಟರು.”

ಅವರು ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯಿಂದ ಎಳೆದು ಒಂದು ಕಡೆ ನಿಲ್ಲಿಸಿದರು. ಅಳತೆಪಟ್ಟಿ ಬೇಡದ ಕೈ ಅದು.

“ಒಂದು ಬ್ಲೌಸ್ ಪೀಸು” ಎಂದರು. “ಇಷ್ಟು.”

ನಾನು ತಲೆಯಾಡಿಸಿದೆ. ಅವರು ಆ ಅಂಚನ್ನು ಹಾಗೆಯೇ ಹಿಡಿದುಕೊಂಡು ನೋಡುತ್ತಿದ್ದರು. ಪಕ್ಕದ ಹಾಸಿಗೆಯವರ ಮನೆಯಿಂದ ಡಬ್ಬಿ ಬಂತು, ಚಪಾತಿಯ ವಾಸನೆ ಬಂತು.

“ಜಮಾದಾರ್, ನಾನು ಅವತ್ತು ಬಸ್ಸು ಜೋರಾಗಿತ್ತು ಅಂದೆನಲ್ಲ, ಅದು ಆಟೋದಲ್ಲಿ ಎತ್ತಿಕೊಂಡು ಹೋದವರು ಹೇಳಿದ್ದು. ನಾನೂ ಹಾಗೇ ಹೇಳಿಬಿಟ್ಟೆ. ನೋವಿತ್ತು.” ಅಂಚನ್ನು ಬಿಟ್ಟರು. “ಗಂಟು ವಾಲಿದಾಗ ನಾನು ಬಸ್ಸಿನ ಮೈಮೇಲೆ ಅಂಗೈ ಊರಿದ್ದೆ. ಓಡೋ ಬಸ್ಸಿಗೆ ಯಾರಾದ್ರೂ ಕೈ ಊರ್ತಾರಾ? ನಡಕೊಂಡು ಹೋಗೋ ಅಷ್ಟೇ ನಿಧಾನವಾಗಿತ್ತು. ಅದನ್ನ ಬರ್ಕೊಳ್ಳಿ.”

ಜಮಾದಾರ ಬರೆದುಕೊಂಡ. ನಿಧಾನವಾಗಿ, ಒಂದೊಂದೇ ಅಕ್ಷರ. ಆಮೇಲೆ ಪೆನ್ನೆತ್ತಿ ಕೇಳಿದ: “ಹಾಗಾದರೆ ಆದದ್ದು ಹೇಗೆ ಅಂತ ಬರೀಲಿ?”

“ಅದನ್ನ ಬೆನ್ ಬರೀತಾರೆ” ಎಂದರು ಅವರು, ನನ್ನ ಕಡೆ ನೋಡದೆ. “ಅವರಿಗೆ ಅಳತೆ ಗೊತ್ತು.”

ಜಮಾದಾರ ಹಾಳೆಗಳನ್ನು ನನ್ನ ಕಡೆ ತಿರುಗಿಸಿದ. ಹಾಸಿಗೆಯ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ಇಟ್ಟುಕೊಂಡು, ಶಾಲೆಯಲ್ಲಿ ಕಲಿತ ಗುಜರಾತಿ ಅಕ್ಷರಗಳಲ್ಲಿ ಬರೆದೆ. ಒಂದೂವರೆ ಪುಟವಾಯಿತು. ನಿಯಮದಂತೆ ಜಮಾದಾರ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದ. ಅವರು ಕಣ್ಣು ಮುಚ್ಚಿ ಕೇಳಿದರು. ಡ್ರಮ್ಮಿನ ಭಾಗ ಬಂದಾಗ ಮುಖದಲ್ಲಿ ಏನೂ ಅಲುಗಲಿಲ್ಲ. ಕೊನೆಯಲ್ಲಿ ಬೆರಳೆತ್ತಿ ನಿಲ್ಲಿಸಿದರು.

“ಬಸ್ಸು ನಿಧಾನ ಇತ್ತು ಅನ್ನೋದು ನನ್ನ ಮಾತಲ್ಲಿ ಒಂದು ಸಲ ಇದೆ. ಬೆನ್ ಬರೆದದ್ದರಲ್ಲಿ ಇಲ್ಲ. ಅವರೂ ಮೇಲಿಂದ ನೋಡಿದ್ದಾರಲ್ಲ. ಅಲ್ಲೂ ಹಾಕಿಸಿ. ಡ್ರೈವರಿಗೆ ಎರಡು ಕಡೆ ಇರಲಿ.”

ನಾನು ಆ ಸಾಲು ಸೇರಿಸಿದೆ. ಅವರು ಸಹಿ ಹಾಕಲು ಪೆನ್ನಿಗೆ ಕೈ ಚಾಚಿದರು.